ಹೊಗೆಯಾಡಿದ ಸಾಸಿವೆ ಎಣ್ಣೆ

ಮಾನ್ವಿಯಲ್ಲಿ ನಮ್ಮ ಹಿತ್ತಲ ಖೋಲಿಯನ್ನು ಬಾಡಿಗೆಗೆ ಹಿಡಿದವನು ಬಿಹಾರದ ಹುಡುಗ. ಅಕ್ಕಿ ಗಿರಣಿಯಲ್ಲಿ ಕೆಲಸ. ಅವನ ಹೆಂಡತಿ ಇಲ್ಲಿಯೇ ಹಡೆದಳು. ತವರಿನಿಂದ ಯಾರಿಗೂ ಬರಲಾಗಲಿಲ್ಲ, ಹಾಗಾಗಿ ಬಾಣಂತನ ನಮ್ಮ ಅವ್ವನ ಪಾಲಿಗೆ ಬಂತು. ಬಂತು ಅಂದರೆ ಸುಳ್ಳು, ಯಾರೂ ಕೇಳದೆಯೇ ಅವ್ವ ಅದನ್ನು ಮೈಮೇಲೆ ಎಳೆದುಕೊಂಡಳು. ದೇವದುರ್ಗದ ತವರಿನಲ್ಲಿ ತಂಗಿಯರ ಬಾಣಂತನವನ್ನೆಲ್ಲ ತಾನೇ ಮಾಡಿದ ಹೆಮ್ಮೆ ಅವಳದು.

ಆದರೆ ಈ ಬಾಣಂತಿ ಉಣ್ಣಲೊಲ್ಲಳು. ಅವ್ವ ಶೇಂಗಾ ಎಣ್ಣೆಯಲ್ಲಿ ಬೆಳ್ಳುಳ್ಳಿ ಹುರಿದು ಮೆಂತ್ಯದ ಪಲ್ಯ ಮಾಡಿ ಒಯ್ದರೆ, ಎರಡು ತುತ್ತಿಗೇ ತಾಟು ಸರಿಸುತ್ತಿದ್ದಳು. ಎದೆಹಾಲು ಕಡಿಮೆಯಾಯಿತು. ಕೂಸು ಹಸಿದು ಅತ್ತರೆ ಅವಳೂ ಅಳುತ್ತಿದ್ದಳು. ಊಟ ತನ್ನಿಚ್ಛೆ ಎಂಬ ಗಾದೆ ಬಾಣಂತಿಯರಿಗೆ ಸಲ್ಲದು ಎಂಬುದು ಅವ್ವನ ಕಾನೂನು.

"ಉಣ್ಣವ್ವಾ, ನೀ ಉಂಡ್ರ ಕೂಸು ಉಂಡಂಗ" ಎಂದು ಸಂತೆಯಲ್ಲಿ ಕಲಿತ ಉರ್ದು ಬೆರೆಸಿ ಬೇಡಿಕೊಳ್ಳುತ್ತಿದ್ದಳು.

ಆ ಹುಡುಗಿಯ ನಾಲಿಗೆಗೆ ಬೇಕಾದದ್ದು ಸಾಸಿವೆ ಎಣ್ಣೆ. ಅವಳ ತಾಯಿ ಗಾಣದಲ್ಲಿ ತೆಗೆಸಿ ಕಳಿಸಿದ್ದ ಬಾಟಲಿಯ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನೇ ಕೂಸಿನ ಮೈಗೂ ತಿಕ್ಕುತ್ತಿದ್ದಳು, ನೆಗಡಿಯಾದರೆ ಬೆಳ್ಳುಳ್ಳಿ ಹಾಕಿ ಕಾಸಿ ಅಂಗಾಲಿಗೂ ಹಚ್ಚುತ್ತಿದ್ದಳು. "ಸಾಸಿವಿ ಇರೋದು ಒಗ್ಗರಣಿಗೆ, ಕೂಸಿಗಲ್ಲ" ಎಂದು ಅವ್ವ ಗೊಣಗುತ್ತಿದ್ದಳು.

ಒಂದು ಮಧ್ಯಾಹ್ನ ಹುಡುಗಿ ತಾನೇ ಎದ್ದು, ಆಲೂಗಡ್ಡೆ ಬೇಯಿಸಿಟ್ಟು, ಉಳಿದ ಎಣ್ಣೆಯನ್ನೆಲ್ಲ ಬಾಣಲೆಗೆ ಸುರಿದು ಒಲೆ ಹಚ್ಚಿದಳು. ಬಿಸಿನೀರು ಒಯ್ದ ಅವ್ವನಿಗೆ ಕಂಡದ್ದು ದಟ್ಟ ಹೊಗೆ. ನಮ್ಮ ಅಡಿಗೆಮನೆಗಳಲ್ಲಿ ಎಣ್ಣೆ ಹೊಗೆಯಾಡಿತೆಂದರೆ ಸುಟ್ಟಿತೆಂದೇ ಲೆಕ್ಕ.

"ಯವ್ವಾ, ಎಣ್ಣಿ ಸುಟ್ಟೋತು! ಬಾಣಂತಿಗೆ ಸುಟ್ಟ ಎಣ್ಣಿ ಹಾಕ್ತಾರೇನು?" ಎನ್ನುತ್ತ ಒಲೆ ಆರಿಸಿ, ಅರಿವೆಯಿಂದ ಬಾಣಲೆ ಹಿಡಿದು ಬಚ್ಚಲಿಗೆ ಚೆಲ್ಲಿಯೇಬಿಟ್ಟಳು. ಹುಡುಗಿ ಅಲ್ಲೇ ಕುಸಿದು ಕೂತು ಬೋರಾಡಿ ಅತ್ತಳು. ಅಳು ಕೇಳಿ ನಾನೂ ಓಡಿದೆ.

ಗಿರಣಿಯಿಂದ ಬಂದ ಗಂಡ ತನ್ನ ಅರೆಬರೆ ಕನ್ನಡದಲ್ಲಿ ಹೇಳಿದ: "ಅಮ್ಮಾ, ನಮ್ದು ಎಣ್ಣಿ ಹೊಗಿ ಬರಬೇಕು. ಹಸಿ ಘಾಟು ಹೋಗ್ತದ. ಆಮೇಲೆ ಅಡಿಗಿ." ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವ್ವನಿಗೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಅವ್ವ ನನ್ನನ್ನು ಕರೆದುಕೊಂಡು ರಾಯಚೂರಿನ ಬಸ್ಸು ಹತ್ತಿದಳು. ಸಾಸಿವೆ ಎಣ್ಣೆ ಕೇಳಿದರೆ ಮೊದಲ ಅಂಗಡಿಯವನು ಕರ್ಪೂರದ ಪಕ್ಕದಿಂದ ಒಂದು ಬಾಟಲಿ ತೆಗೆದ.

"ದೀಪಕ್ಕಲ್ಲಪ್ಪಾ, ಉಣ್ಣಾಕ ಬೇಕು."

"ಸಾಸಿವಿ ಎಣ್ಣಿ ಉಣ್ತಾರೇನ್ರಿ?" ಎಂದು ಅವನು ನಕ್ಕ.

"ಉಣ್ಣೋರು ಉಣ್ತಾರ. ನಿನಗ್ಯಾಕ?" ಎಂದು ಅವ್ವ ರೇಗಿದಳು. ಹಿಂದಿನ ದಿನದವರೆಗೆ ಅವಳೂ ಹೀಗೇ ನಗುತ್ತಿದ್ದವಳೇ. ಸುತ್ತಿ ಸುತ್ತಿ, ಕೊನೆಗೆ ಸ್ಟೇಷನ್ ಕಡೆಯ ಅಂಗಡಿಯಲ್ಲಿ ಎಣ್ಣೆ ಸಿಕ್ಕಿತು.

ಮನೆಗೆ ಬಂದು ಒಲೆಯ ಮೇಲೆ ಬಾಣಲೆಯಿಟ್ಟವಳು ಅವ್ವನೇ. ಹೊಗೆ ಎದ್ದಿತು. ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ನಿಂತಳು, ಒಲೆಯ ಹತ್ತಿರ ಕೈ ಮಾತ್ರ ಒಯ್ಯಲಿಲ್ಲ. "ಸಾಕೇನವ್ವಾ?" ಎಂದು ಕೇಳಿದಳು. ಹುಡುಗಿ ಹೂಂ ಅಂದ ಮೇಲೆಯೇ ಆರಿಸಿದಳು.

ಆ ಎಣ್ಣೆಯಲ್ಲಿ ಮಾಡಿದ ಆಲೂಗಡ್ಡೆಯ ಮೊದಲ ತುತ್ತು ಬಾಯಿಗಿಟ್ಟ ಹುಡುಗಿ ತಾಯಿಯನ್ನು ನೆನೆದು, ತನಗೆ ಬಂದಷ್ಟು ಕನ್ನಡದಲ್ಲಿ ಮೆಲ್ಲಗೆ, "ಅಮ್ಮಾ, ನಮ್ಮ ಮಾಯಿ ಕಳಿಸಿದ್ದು ಹೀಂಗಿರಲಿಲ್ಲ" ಅಂದಳು.

"ಹೌದವ್ವಾ, ಅದನ್ನ ನಾನೇ ಚೆಲ್ಲೀನಿ" ಅಂದಳು ಅವ್ವ. ತಾಟನ್ನು ಅವಳತ್ತ ಇನ್ನಷ್ಟು ಸರಿಸಿದಳು. "ಇವತ್ತ ಇದನ್ನ ಉಣ್ಣು."

ಹುಡುಗಿ ಅಳುತ್ತಲೇ ಉಂಡಳು. ತಾಟು ಬರಿದಾದ ಮೇಲೆ ಇನ್ನೊಂದು ರೊಟ್ಟಿ ಕೇಳಿದಳು.