ದೊಡ್ಡ ಗಾಲಿಯ ಗಾಡಿ ಏರು ಹತ್ತಲಿಲ್ಲ

ಅಪ್ಪನ ಸೊಂಟ ಮುರಿದು ಎರಡು ವರ್ಷವಾಗಿತ್ತು. ಮಲಗಬಲ್ಲ, ಕೂರಲಾರ. ಸೊಲ್ಲಾಪುರದ ನಮ್ಮ ಮನೆಯಲ್ಲಿ ಮಲಗಿದಲ್ಲಿಂದಲೇ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದ: "ಅಕ್ಕನ್ನ ಒಮ್ಮೆ ನೋಡಬೇಕಲ್ಲೋ." ಅವನ ಅಕ್ಕ, ಅಂದರೆ ನನ್ನ ಸೋದರತ್ತೆ, ಚಪಳಗಾಂವದ ಆಚೆ ಮಾಳದ ಮೇಲಿನ ಹೊಲದ ಮನೆಯಲ್ಲಿ ಮಕ್ಕಳು, ಕುರಿಗಳ ನಡುವೆ ಇದ್ದಳು. ಕಣ್ಣು ಮಂಜು. ಗೋಡೆ ಹಿಡಿದು ಅಂಗಳದವರೆಗೆ ಬರುವಳು, ಅಷ್ಟೇ. ಇಬ್ಬರಲ್ಲಿ ಯಾರು ಮೊದಲು ಹೋದರೂ ಭೇಟಿಯಾಗದೆಯೇ ಹೋಗುತ್ತಾರಲ್ಲ ಎಂಬುದು ನನ್ನ ಸಂಕಟ.

ಆಂಬುಲೆನ್ಸ್ ಮಾಡುತ್ತೇನೆಂದೆ. "ಬ್ಯಾಡಪಾ, ಆ ಗಾಡಿ ಬಂದ್ರ ಹೆಣಾ ಬಂತಂತ ಮಂದಿ ಕೂಡ್ತಾರ. ಅಕ್ಕ ಅಲ್ಲೇ ಎದಿ ಒಡ್ಕೋತಾಳ," ಅಂದ. ಸರಿ, ಕಚೇರಿಯಿಂದ ನಿವೃತ್ತನಾಗಿ ಮನೆಯಲ್ಲಿ ಕುಳಿತವನಿಗೆ ಒಂದು ಉಸಾಬರಿ ಬೇಕಿತ್ತು. ಹಳೆಯ ಟೆಂಪೊ ತಂದು ಒಳಗೆ ಒಂದು ಮನೆಯನ್ನೇ ಮಾಡಿಸಿದೆ: ಮಂಚ, ನೀರಿನ ಟಾಕಿ, ಗ್ಯಾಸ್ ಒಲೆ, ಕಪಾಟು. ಹೆಂಡತಿ ನೋಡಿ, "ದೇವ್ರ ಮನಿ ಒಂದ ಉಳೀತ ನೋಡ್ರಿ," ಎಂದು ನಕ್ಕಳು.

ಟೈರುಗಳು ಸವೆದಿದ್ದವು. ಹೊಸವು ಎಂಥವು ಹಾಕಿಸಲಿ ಎಂದು ಅಪ್ಪನನ್ನು ಕೇಳಿದೆ. ಅವನು ನಲವತ್ತು ವರ್ಷ ಎತ್ತಿನ ಬಂಡಿ ಹೊಡೆದವನು. "ಗಾಲಿ ದೊಡ್ಡದಿರಬೇಕ ತಮ್ಮಾ. ಸಣ್ಣ ಗಾಲಿ ತಗ್ಗಿನ್ಯಾಗ ಕುಂದರ್ತದ. ಗಾಲಿ ದೊಡ್ಡದಾದಷ್ಟು ಎತ್ತಿಗೆ ಹಗುರ." ಮಾತು ನನಗೂ ಸರಿ ಕಂಡಿತು. ಟೈರಿನ ಅಂಗಡಿಯವನು ಎರಡು ಸಲ ಬೇಡವೆಂದ. ನಾನು ಯಾರ ಮಾತು ಕೇಳುವ ಪೈಕಿ? ಮೇಲಿನ ತಗಡಿಗೆ ತಾಗದಂತೆ ಎಷ್ಟು ದೊಡ್ಡವು ಹಿಡಿಸುತ್ತವೋ ಅಷ್ಟು ದೊಡ್ಡವನ್ನೇ ಹಾಕಿಸಿದೆ.

ಒಂದು ಭಾನುವಾರ ಬೆಳಗ್ಗೆ ಹೊರಟೆವು. ವಳಸಂಗ ದಾಟಿದ್ದೇ ಗೊತ್ತಾಗಲಿಲ್ಲ. ಇಂಜಿನ್ನಿನ ಸದ್ದೂ ಕಡಿಮೆ. ಅಕ್ಕಲಕೋಟದಲ್ಲಿ ಚಹಾಕ್ಕೆ ನಿಲ್ಲಿಸಿ ಮೀಟರ್ ನೋಡಿದರೆ, ಯಾವಾಗಲೂ ಮೂವತ್ತೆಂಟು ಕಿಲೋಮೀಟರ್ ತೋರಿಸುವ ದಾರಿ ಮೂವತ್ತನಾಲ್ಕಕ್ಕೇ ಮುಗಿದಿತ್ತು. "ಅಕ್ಕಲಕೋಟ ಸರಕೊಂಡ ಸಮೀಪ ಬಂದೈತೇನ?" ಎಂದು ಅಪ್ಪ ಗೇಲಿ ಮಾಡಿದ. ನಾನೂ ನಕ್ಕೆ. ಅಲ್ಲೇ ಎಚ್ಚರಾಗಬೇಕಿತ್ತು.

ಚಪಳಗಾಂವ ದಾಟಿ ಮಾಳದ ಏರಿಗೆ ತಿರುಗಿದೆವು. ಸೆಕೆಂಡ್ ಗೇರಿನಲ್ಲಿ ಗಾಡಿ ಗುರುಗುಟ್ಟಿತು. ಫಸ್ಟಿಗೆ ಹಾಕಿದೆ, ಅರ್ಧ ಹತ್ತಿ ನಡುಗಿ ನಿಂತುಬಿಟ್ಟಿತು. ಮತ್ತೆ ಯತ್ನಿಸಿದರೆ ಕ್ಲಚ್ ಸುಟ್ಟ ವಾಸನೆ. ಹೆಂಡತಿ ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಟ್ಟಳು. ಮೇಲೆ ಅತ್ತೆಯ ಮನೆ ಕಾಣುತ್ತಿತ್ತು.

"ಯಾಕ ನಿಂತಿ?" ಅಂದ ಅಪ್ಪ.

"ಅಕ್ಕ ಅಕ್ಕ ಅಂತ ನನ್ನ ಜೀವಾ ತಿಂದಿ, ಈಗ ನೋಡು!" ಎಂದು ಕಿರುಚಿದೆ. ನಾಲಿಗೆಗೆ ಹುಳ ಬೀಳಲಿ, ಅಂದುಬಿಟ್ಟೆ. ಅಷ್ಟರಲ್ಲಿ ಅತ್ತೆಯ ಗಂಡುಮಕ್ಕಳಿಬ್ಬರು ಓಡಿ ಬಂದು, ತಮ್ಮ ಸೋದರಮಾವನನ್ನು ಮಂಚದ ಸಮೇತ ಹೊತ್ತೊಯ್ಯುತ್ತೇವೆಂದರು. "ಹೆಗಲ ಮ್ಯಾಲ ಈಗ ಬ್ಯಾಡ," ಎಂದು ಅಪ್ಪ ಮುಖ ತಿರುಗಿಸಿದ. ಅವರ ನೆರವಿನಿಂದಲೇ ಗಾಡಿಯನ್ನು ಹಿಂದಕ್ಕೆ ಇಳಿಸಿಕೊಂಡು ಮನೆಗೆ ಬಂದೆವು. ಆಮೇಲೆ ಅಪ್ಪ ಅಕ್ಕನ ಸುದ್ದಿಯನ್ನೇ ಎತ್ತಲಿಲ್ಲ. ದಿನಾ ಕೇಳುತ್ತಿದ್ದವನು ಸುಮ್ಮನಾದದ್ದು ನನ್ನನ್ನು ಹೆಚ್ಚು ತಿಂದಿತು.

ಇಂಜಿನ್ ಬಿಚ್ಚಿ ನೋಡು ಎಂದು ಮಿಸ್ತ್ರಿಯ ಹತ್ತಿರ ಹೋದೆ. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದು ಟೈರಿಗೆ ಒದ್ದ. "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕ್ತೀರೇನ್ರಿ ಸಾಹೇಬ್ರ? ಇಂಜಿನ್ ಛಲೋ ಅದ. ಗಾಲಿ ದೊಡ್ಡದು ಮಾಡೀರಿ. ಅದು ಒಂದು ಸುತ್ತಿಗೆ ಮೊದಲಿಗಿಂತ ಹೆಚ್ಚು ದಾರಿ ನುಂಗ್ತದ, ಅದಕ್ಕ ಮೀಟರ್ ಕಮ್ಮಿ ತೋರಸ್ತದ, ಜೋರೂ ಅಷ್ಟ ಕಮ್ಮಿ ಆಗ್ತದ. ನಿಮ್ಮ ಫಸ್ಟ್ ಗೇರ್ ಈಗ ಸೆಕೆಂಡಿನ ಕಡೆ ಸರದದ. ಮ್ಯಾಲ ಮನಿ ಬ್ಯಾರೆ ಹೊರಿಸೀರಿ."

"ಬಂಡಿಗೆ ದೊಡ್ಡ ಗಾಲಿನ ಹಗುರ ಅಲ್ಲೇನೋ?"

"ಬಂಡೀನ ಎತ್ತು ಮುಂದ ನಿಂತು ಎಳೀತದ್ರಿ, ಗಾಲಿ ಸುಮ್ನ ಉರುಳ್ತದ. ಇಲ್ಲಿ ಇಂಜಿನ್ ಅಚ್ಚು ಹಿಡದು ಗಾಲೀನ ತಿರುವಬೇಕು." ಹಿಂದಿನ ಅಚ್ಚಿನ ಒಳಗಿನ ಹಲ್ಲುಚಕ್ರಗಳನ್ನು ಬದಲಿಸಿದರೆ ದೊಡ್ಡ ಟೈರನ್ನೂ ಇಟ್ಟುಕೊಳ್ಳಬಹುದು, ಆದರೆ ಹಳೆಯ ಅಳತೆಯ ಟೈರೇ ವಾಸಿ ಎಂದ. ಮಾಡಿದ್ದುಣ್ಣೋ ಮಹಾರಾಯ. ಹಳೆಯ ಅಳತೆಯವನ್ನೇ ಹಾಕಿಸಿದೆ. ಅಪ್ಪನಿಗೆ ಮಾತ್ರ ಇಂಜಿನ್ನಿನ ದೋಷವೆಂದು ಸುಳ್ಳು ಹೇಳಿದೆ, ಬೈದದ್ದಕ್ಕೆ ತಪ್ಪಾಯಿತೆಂದೂ ಹೇಳಿದೆ. ಅವನು ನನ್ನ ಕೈಯನ್ನೊಮ್ಮೆ ಒತ್ತಿದ.

ಮುಂದಿನ ಭಾನುವಾರ ಅದೇ ಏರನ್ನು ಗಾಡಿ ಫಸ್ಟಿನಲ್ಲಿ ಮುಲುಗುತ್ತ ಹತ್ತಿತು. ಅಂಗಳಕ್ಕೆ ಹಿಂಬದಿ ಮಾಡಿ ನಿಲ್ಲಿಸಿ ಬಾಗಿಲು ತೆರೆದೆ. ಅತ್ತೆ ಗೋಡೆ ಬಿಟ್ಟು ಗಾಡಿ ಹಿಡಿದು ಬಂದಳು. ಮೆಟ್ಟಿಲು ಹತ್ತಲಾರಳು, ಅಪ್ಪ ಏಳಲಾರ. ಬಾಗಿಲಿಗೆ ಅವನ ಕಾಲುಗಳಿದ್ದವು. ತಡಕಾಡಿ ಅವನ್ನೇ ಎರಡೂ ಕೈಯಲ್ಲಿ ಹಿಡಿದಳು. ಅಪ್ಪ ಬೆಚ್ಚಿದ. ನಮ್ಮಲ್ಲಿ ಹಿರಿಯರು ಕಿರಿಯರ ಕಾಲು ಮುಟ್ಟುವುದುಂಟೇ!

"ಅಕ್ಕಾ, ಕಾಲ ಬಿಡ, ನನಗ ಪಾಪ ಹತ್ತತದ," ಎಂದು ಕಾಲೆಳೆದುಕೊಳ್ಳಲು ನೋಡಿದ, ಆಗಲಿಲ್ಲ.

"ಸುಮ್ಮ ಬಿದ್ಕೊಳ್ಳೋ. ಮುಖಾ ಅಂತೂ ನನಗ ಕಾಣಂಗಿಲ್ಲ. ಕೈಗೆ ಸಿಕ್ಕಿದ್ದನ್ನಾದ್ರೂ ಹಿಡ್ಕೋತೀನಿ."

ಅಪ್ಪ ಕಾಲುಗಳನ್ನು ಅವಳ ಕೈಗೇ ಬಿಟ್ಟ.