ಶೇಟ್‌ಜಿಯ ಪೆಟ್ಟಿಗೆಗೊಂದು ಮಾಳಾ

ಮೊನ್ನೆ ಮಗಳು ನನ್ನನ್ನು ಘೋಡಬಂದರ್ ರಸ್ತೆಯ ಒಂದು ಅಂಗಡಿಗೆ ಕರೆದುಕೊಂಡು ಹೋದಳು. ಅವಳಿಗೆ ಗುವಾಹಟಿಗೆ ವರ್ಗವಾಗಿದೆ. ಬೆಕ್ಕನ್ನೂ ವಿಮಾನದಲ್ಲಿ ಒಯ್ಯಬೇಕಂತೆ, ಅದಕ್ಕೊಂದು ಪೆಟ್ಟಿಗೆ ಬೇಕಂತೆ. ಅಂಗಡಿಯ ಒಂದು ಗೋಡೆಯ ತುಂಬ ಅವೇ: ಬಲೆಯ ಕಿಟಕಿಯವು, ಚಕ್ರದವು, ಬೆನ್ನಿಗೆ ಹಾಕಿಕೊಳ್ಳುವವು. ಒಂದರ ಬಾಗಿಲು ತೆರೆದು ಮೂಗು ಒಳಗಿಟ್ಟೆ. ಹೊಸ ಪ್ಲಾಸ್ಟಿಕ್ಕಿನ ವಾಸನೆ ಬಂತು. ನನ್ನ ಮೂಗು ಅಲ್ಲಿ ಹುಡುಕಿದ್ದು ಮಾತ್ರ ಪ್ಲೈವುಡ್ಡು ಮತ್ತು ಒಣ ಸಿಗಡಿಯ ವಾಸನೆಯನ್ನು.

ತೊಂಬತ್ತರ ದಶಕದಲ್ಲಿ ನಾವು ಡೊಂಬಿವಲಿ ಪೂರ್ವದಲ್ಲಿದ್ದೆವು. ಒಂದು ರೂಮು, ಒಂದು ಅಡುಗೆಮನೆ. ಅದರಲ್ಲಿ ನಾನು, ನನ್ನವರು, ನಾಲ್ಕನೆಯ ಕ್ಲಾಸಿನ ಮಗಳು, ಮಾವ, ಮತ್ತು ಮಾವನ ಬೆಕ್ಕು. ಮಾವ ಮುಂಬಯಿ ಫೋರ್ಟಿನ ಒಂದು ಹೋಟೆಲಿನಲ್ಲಿ ನಲವತ್ತು ವರ್ಷ ಗಲ್ಲೆಯ ಮೇಲೆ ಕುಳಿತವರು. ಬೆಕ್ಕು ಆ ಹೋಟೆಲಿನ ಮಾಲಿಕರಂತೆಯೇ ಏನೂ ಮಾಡದೆ ಎಲ್ಲವನ್ನೂ ನೋಡುತ್ತ ಕೂರುತ್ತದೆಂದು ಅದಕ್ಕೆ ಶೇಟ್‌ಜಿ ಎಂದು ಹೆಸರಿಟ್ಟಿದ್ದರು. ನಾನು ಅದನ್ನು ದಿನಕ್ಕೆ ಹತ್ತು ಸಲ ಬಯ್ಯುತ್ತಿದ್ದೆ. ಚಪಾತಿ ಹಿಟ್ಟಿನ ಪಕ್ಕ ಮಲಗಿದರೆ ಒಮ್ಮೆ, ಒಣಗಿಸಿದ ಹಪ್ಪಳದ ಮೇಲೆ ನಡೆದರೆ ಇನ್ನೊಮ್ಮೆ. ಬಯ್ದಾಗಲೆಲ್ಲ ಅದು ಎದ್ದು ನಿಂತು, ಒಂದು ಸುತ್ತು ತಿರುಗಿ, ನನಗೆ ಬೆನ್ನು ಹಾಕಿ ಮತ್ತೆ ಕೂರುತ್ತಿತ್ತು. ಸೊಸೆಯಾಗಿ ಆ ಮನೆಗೆ ಬಂದ ಮೇಲೆ ಅಷ್ಟು ಶಿಸ್ತಾದ ಅವಮಾನವನ್ನು ನನಗೆ ಬೇರೆ ಯಾರೂ ಮಾಡಿಲ್ಲ.

ಆ ವರ್ಷ ಮಂಗಳೂರಿನಲ್ಲಿ ಭಾವನವರು ಮನೆ ಕಟ್ಟಿ ಮಾವನನ್ನು ಕರೆದರು. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಮಗಳಿಗೆ ಪುಸ್ತಕ ಹರಡಿಕೊಳ್ಳಲು ಒಂದು ಮೂಲೆ ಸಿಗುತ್ತದೆ ಎಂದು ಅಂದೇ ಮನಸ್ಸಿನಲ್ಲಿ ಮೇಜು ಹಾಕಿಬಿಟ್ಟೆ. ಬೆನ್ನಿನ ಆಪರೇಷನ್ ಆಗಿದ್ದರಿಂದ ಮಾವನಿಗೆ ಬಸ್ಸು ಕೂಡದು. ಕೊಂಕಣದ ರೈಲು ಇನ್ನೂ ಪೂರ್ತಿಯಾಗಿರಲಿಲ್ಲ. ಉಳಿದದ್ದು ವಿಮಾನ.

"ಶೇಟ್ ಬಾರದಿದ್ರೆ ನಾನೂ ಇಲ್ಲ" ಎಂದರು ಮಾವ. "ಟಿಕೇಟು ನೀವೇ ಇಟ್ಕೊಳ್ಳಿ."

ನನ್ನವರು ವಿಮಾನದ ಕಚೇರಿಗೆ ಹೋಗಿ ನಿಯಮ ತಿಳಿದು ಬಂದರು. ಬೆಕ್ಕನ್ನು ಕಾಲ ಬಳಿ ಇಟ್ಟುಕೊಳ್ಳಲು ಬಿಡುತ್ತಾರೆ, ಆದರೆ ಪೆಟ್ಟಿಗೆ ಗಟ್ಟಿ ಇರಬೇಕು, ಗಾಳಿಯಾಡಬೇಕು, ಬೆಕ್ಕು ಒಳಗೆ ಎದ್ದು ನಿಂತು ಒಂದು ಸುತ್ತು ತಿರುಗುವಷ್ಟು ಜಾಗ ಬೇಕು. ಅಂಥ ಪೆಟ್ಟಿಗೆ ಆಗ ಡೊಂಬಿವಲಿಯಲ್ಲಿ ಎಲ್ಲಿ ಸಿಗಬೇಕು? ಹಾಪುಸ್ ಮಾವಿನ ಪೆಟ್ಟಿಗೆಯಲ್ಲಿ ಕೂರಿಸಿದೆವು. ಹುಲ್ಲು ಕೆದರಿ ಹೊರಬಂತು. ಮೀನಿನವಳ ಬುಟ್ಟಿ ತಂದೆವು. ಒಳಗೆ ಹೋದದ್ದು ಹೊರಬರಲೊಪ್ಪಲಿಲ್ಲ, ಬುಟ್ಟಿಯ ಹಿಂದೆ ಇಡೀ ಬಿಲ್ಡಿಂಗಿನ ಬೆಕ್ಕುಗಳು ಮೂರನೆಯ ಮಾಳಿಗೆಗೆ ಹತ್ತಿ ಬಂದವು. ಕೊನೆಗೆ ಕೆಳಗಿನ ಅಂಗಡಿ ಗಾಳೆಯಲ್ಲಿ ಬಡಗಿ ಕೆಲಸ ಮಾಡುತ್ತಿದ್ದ ಬಿಜಾಪುರದ ಮಲ್ಲಪ್ಪನನ್ನು ಕರೆದೆವು.

"ಎಷ್ಟ ಎತ್ರ ಮಾಡ್ಲಿರಿ ಅಜ್ಜಾರ?"

"ನಿಂತ್ರೆ ಕಿವಿ ತಾಗಬಾರ್ದು ಮಾರಾಯ."

ಮೂರು ದಿನದಲ್ಲಿ ಪೆಟ್ಟಿಗೆ ಬಂತು. ಮುಂದೆ ಜಾಳಿಯ ಬಾಗಿಲು, ಅದರ ಹಿಂದೆ ಮತ್ತೊಂದು ಮರದ ಬಾಗಿಲು. ಎರಡೇಕೆ ಎಂದು ಕೇಳಿದೆ. "ಸೇಫ್ಟಿ ಡೋರ್ ಇಲ್ದ ಬ್ಲಾಕ್ ಈ ಊರಾಗ ಯಾರ ತಗೋತಾರ್ರಿ ಅಕ್ಕಾರ?" ಎಂದ. ಫ್ಲ್ಯಾಟಿಗೆ ಇರುವುದು ಬೆಕ್ಕಿಗೂ ಇರಲಿ ಎಂದು ದುಡ್ಡು ಎಣಿಸಿಕೊಟ್ಟೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾವ ಎರಡು ದಿನ ಪೆಟ್ಟಿಗೆಯ ಎದುರೇ ಕುಳಿತರು. ಶೇಟ್ ಒಳಗೆ ಸುರುಳಿಯಾಗಿ ಮಲಗಿತ್ತು. ಅದರ ಮೇಲಿನ ಖಾಲಿ ಜಾಗ ಮಾವನ ಕಣ್ಣಿಗೆ ಕಸದಂತೆ ಚುಚ್ಚುತ್ತಿತ್ತು.

"ನೋಡು, ಇಷ್ಟು ಜಾಗ ಸುಮ್ನೆ ಬಿದ್ದುಂಟು" ಎಂದರು.

ಮುಂಬಯಿ ಕಡೆಯ ಮನೆಗಳಲ್ಲಿ ಸೂರಿನಡಿ ಸಾಮಾನು ತುಂಬುವ ಒಂದು ಅಟ್ಟ ಇರುತ್ತದೆ, ಮಾಳಾ ಎನ್ನುತ್ತೇವೆ. ಮಲ್ಲಪ್ಪ ಮತ್ತೆ ಬಂದ. ನಾಲ್ಕು ಸ್ಕ್ರೂ ಹಾಕಿ ಪೆಟ್ಟಿಗೆಗೂ ಒಂದು ಮಾಳಾ ಮಾಡಿಕೊಟ್ಟ. ಅದರ ಮೇಲೆ ಮಾವನ ಮಾತ್ರೆಗಳು, ಕನ್ನಡಕದ ಪೆಟ್ಟಿಗೆ. ನಾನೂ ಸುಮ್ಮನಿರಲಿಲ್ಲ, ಶೇಟ್‌ಗೆಂದು ಒಣ ಸಿಗಡಿಯ ಡಬ್ಬಿ, ಭಾವನವರ ಹೆಂಡತಿ ಅಕ್ಕನಿಗೆಂದು ಮಿಡಿ ಉಪ್ಪಿನಕಾಯಿ ತುರುಕಿದೆ. ಎಂಥ ಒಳ್ಳೆಯ ಯೋಚನೆ, ಮೊದಲೇ ಹೊಳೆಯಬಾರದಿತ್ತೇ ಎಂದೂ ಅಂದೆ. ನೀವು ನಗಬೇಡಿ. ನನ್ನವರು ಇಪ್ಪತ್ತು ವರ್ಷ ಮಾಳಾದ ಕೆಳಗೆ ತಲೆ ತಗ್ಗಿಸಿಯೇ ಅಡುಗೆಮನೆಗೆ ಬಂದವರು. ತಲೆ ತಗ್ಗಿಸುವುದನ್ನು ನಾವು ಜಾಗವಿಲ್ಲದಿರುವುದು ಎಂದು ಲೆಕ್ಕಕ್ಕೆ ಹಿಡಿದವರೇ ಅಲ್ಲ.

ವಿಮಾನ ನಿಲ್ದಾಣದ ಕೌಂಟರಿನ ತರುಣ ಹಿಡಿದ. ಬಗ್ಗಿ ನೋಡಿ, "ಇಸ್‌ಮೇ ಬಿಲ್ಲಿ ಖಡೀ ಕೈಸೇ ಹೋಗೀ?" ಎಂದ. ಒಳಗೆ ಬೆಕ್ಕು ಎದ್ದು ನಿಲ್ಲುವುದು ಹೇಗೆ, ತಿರುಗುವುದು ಹೇಗೆ?

"ಸಾಹೇಬ್" ಎಂದರು ಮಾವ, "ಚಾಲೀಸ್ ಸಾಲ್ ಡೊಂಬಿವಲಿ ಸೇ ವೀಟಿ ಗಯಾ. ಹಮ್‌ಕೋ ಕಬ್ ಘೂಮ್ನೇ ಕಾ ಜಗಾ ಮಿಲಾ?"

ಲೋಕಲ್ ರೈಲಿನಲ್ಲಿ ನಲವತ್ತು ವರ್ಷ ತನಗೇ ತಿರುಗಲು ಸಿಗದ ಜಾಗ ಬೆಕ್ಕಿಗೇಕೆ ಎಂಬ ಈ ವಾದಕ್ಕೆ ಸಾಲಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ತರುಣನೂ ನಕ್ಕ. ಆದರೆ ನಿಯಮ ನಿಯಮವೇ, ಘುಮಾಕೇ ದಿಖಾವ್, ತಿರುಗಿಸಿ ತೋರಿಸಿ ಎಂದ. ಮಾವ ಸಾಮಾನಿನ ಮೇಲೆ ಕುಳಿತುಬಿಟ್ಟರು. "ಟ್ಯಾಕ್ಸಿ ಕರಿ. ಮನೆಗೆ ಹೋಗುವ."

ನನ್ನ ಮನಸ್ಸಿನ ಮೇಜು ಕಾಲು ಮುರಿದುಕೊಂಡು ಬಿತ್ತು. ನನ್ನವರು ಟ್ಯಾಕ್ಸಿಯವನಿಂದ ಸ್ಕ್ರೂಡ್ರೈವರ್ ತಂದು ಮಾಳಾ ಕಳಚಿದರು. ಉಪ್ಪಿನಕಾಯಿ ನನ್ನ ಕಂಕುಳಿಗೆ ಬಂತು. ಈಗ ಜಾಗವಿತ್ತು, ಆದರೆ ಶೇಟ್ ಏಳಬೇಕಲ್ಲ? ಮಾವ ಮುದ್ದಿನಿಂದ ಕರೆದರು. ನನ್ನವರು ಪೆಟ್ಟಿಗೆ ತಟ್ಟಿದರು. ಆ ತರುಣ ತಾನೇ ಮೆಲ್ಲಗೆ ಮ್ಯಾಂವ್ ಎಂದ. ಶೇಟ್ ಒಂದು ಕಣ್ಣು ತೆರೆದು ಮುಚ್ಚಿತು.

ನನಗೆ ಎಲ್ಲಿತ್ತೋ ಸಿಟ್ಟು. "ಏಳ್ತೀಯೋ ಇಲ್ವೋ ದರಿದ್ರದ್ದೇ? ಇದೇನು ನಿನ್ನಪ್ಪನ ಗಲ್ಲೆಯಾ? ಮೂರು ಹೊತ್ತು ತಿಂದು ಬಿದ್ಕೊಂಡ್ರೆ ಆಯ್ತಾ?"

 ಶೇಟ್ ಎದ್ದು ನಿಂತಿತು. ಇಡೀ ಒಂದು ಸುತ್ತು ತಿರುಗಿತು. ನನಗೆ ಬೆನ್ನು ಹಾಕಿ ಕುಳಿತಿತು. ತರುಣ ಠಸ್ಸೆ ಒತ್ತಿದ.

ಮಗಳ ಮೇಜು ಬಂತು. ಹದಿನೈದು ದಿನಕ್ಕೆ ಮಂಗಳೂರಿನಿಂದ ಮಾವನ ಫೋನೂ ಬಂತು. "ಇಲ್ಲಿ ಶೇಟ್ ಯಾರು ಹೇಳಿದ್ರೂ ಏಳುವುದಿಲ್ಲ. ನೀನೊಮ್ಮೆ ಬಯ್ಯಿ ಮಾರಾಯ್ತಿ, ರಿಸೀವರ್ ಅದ್ರ ಕಿವಿಗೆ ಹಿಡಿತೇನೆ." ಬಯ್ದೆ. ಅಲ್ಲಿಂದ ಪ್ರತಿ ಭಾನುವಾರ ಅದೊಂದು ಪದ್ಧತಿಯಾಯಿತು. ಕಾಲು ಗಂಟೆ ನಾನು ಹಪ್ಪಳದಿಂದ ಹಿಡಿದು ಎಲ್ಲ ಹಳೆಯ ಅಪರಾಧಗಳನ್ನು ಎತ್ತಿ ಆಡುವುದು, ಆಚೆಯಿಂದ ಉಸಿರಾಟದ ಸದ್ದು. ಒಂದು ದಿನ ಕೇಳಿದೆ, "ಎದ್ದಿತಾ ಮಾವ?"

"ಅದು ಮೀನಿನ ಗಾಡಿಯ ಹಿಂದೆ ಹೋಗಿ ಒಂದು ಗಂಟೆ ಆಯ್ತು" ಎಂದರು. "ನೀನು ಬಯ್ಯಿ. ನಾನು ಕೇಳ್ತಾ ಇದ್ದೇನೆ."

ಅಂಗಡಿಯಲ್ಲಿ ಮಗಳು ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆ ಆರಿಸಿದಳು. ಇಷ್ಟು ದೊಡ್ಡದು ಯಾಕೆ, ಹೊರುವವರು ಯಾರು ಎಂದು ಶುರು ಮಾಡಿದ ನಾನು, ಅವಳ ಊಟ, ಅವಳ ಚಪ್ಪಲಿ, ಗುವಾಹಟಿಯ ಚಳಿಗೆ ಇನ್ನೂ ಸ್ವೆಟರ್ ತೆಗೆದುಕೊಂಡಿಲ್ಲದಿರುವುದು, ಎಲ್ಲಕ್ಕೂ ಅಲ್ಲೇ ನಿಂತು ಬಯ್ದೆ. ಬಿಲ್ಲಿನವನು ಎರಡು ಸಲ ಕರೆದ. ಯಾವಾಗಲೂ ಅರ್ಧಕ್ಕೇ "ಹೋ ಗಯಾ ಮಮ್ಮಿ" ಎಂದು ನನ್ನನ್ನು ತಡೆಯುವವಳು, ಈ ಸಲ ಪೆಟ್ಟಿಗೆ ತಬ್ಬಿಕೊಂಡು ಪೂರ್ತಿ ಕೇಳಿದಳು.