ಅರಫಾದ ಬಿಸಿಲು

ಕೆಲವು ವರ್ಷಗಳ ಹಿಂದಿನ ಜೂನ್ ತಿಂಗಳ ಒಂದು ಶನಿವಾರ, ಇಳಿಹೊತ್ತಿನ ಅಸರ್ ನಮಾಝಿಗೆ ಸ್ವಲ್ಪ ಮೊದಲು. ಸ್ಥಳ, ಶಕ್ತಿನಗರದ ನನ್ನ ಮನೆಯ ಹಿಂದಿನ ಕೋಣೆ. ಇದ್ದವರು ಇಬ್ಬರು: ನಾನು ಮತ್ತು ಪಕ್ಕದ ಮನೆಯ ಸುಗಂಧಿ. ಇಷ್ಟನ್ನು ಮೊದಲೇ ಹೇಳಿಬಿಡುವುದು ನನ್ನ ಅಭ್ಯಾಸ. ನಾನು ನರ್ಸ್ ಆಗಿದ್ದವಳು, ಮೊದಲು ಇಲ್ಲಿ, ಆಮೇಲೆ ಗಲ್ಫಿನಲ್ಲಿ. ಏನು ವರದಿ ಕೊಡುವುದಿದ್ದರೂ ಯಾವಾಗ, ಎಲ್ಲಿ, ಯಾರಿದ್ದರು ಎಂಬುದು ಮೊದಲು ಬರಬೇಕು ಎಂದು ನಮಗೆ ಕಲಿಸಿದ್ದರು.

ಇಂಥ ಅನುಭವಗಳನ್ನು ಯಾರಾದರೂ ಹೇಳಿಕೊಂಡರೆ ನಾನು ನಂಬುತ್ತಿರಲಿಲ್ಲ. ವಾರ್ಡಿನಲ್ಲಿ ಬೆಳಗಿನ ಜಾವ ಏನೇನೋ ಕಂಡವರು, ಕೇಳಿದವರು ಬಹಳ ಮಂದಿ. ಜ್ವರ ನೋಡಿದರೆ, ರಕ್ತದೊತ್ತಡ ನೋಡಿದರೆ ಕಾರಣ ಸಿಕ್ಕಿಯೇ ಸಿಗುತ್ತಿತ್ತು. ಉಪವಾಸದ ವಿಷಯದಲ್ಲೂ ನನ್ನದು ಅದೇ ಬುದ್ಧಿ. ಹಸಿದವರ ನೋವು ತಿಳಿಯಲಿ ಎಂದು ಉಪವಾಸ, ಎಂದು ಉಸ್ತಾದರು ಮದ್ರಸದಲ್ಲಿ ಹೇಳಿಕೊಟ್ಟಿದ್ದರು. ಒಬ್ಬರ ನೋವು ಇನ್ನೊಬ್ಬರಿಗೆ ತಿಳಿಯುವುದೆಂದರೆ ಕನಿಕರಪಡುವುದು, ಅಷ್ಟೇ ಎಂದುಕೊಂಡಿದ್ದೆ. ನನಗೆ ಉಪವಾಸವೆಂದರೆ ಶಿಸ್ತು. ಹೊತ್ತಿಗೆ ಸರಿಯಾಗಿ ಊಟ ನಿಲ್ಲಿಸುವುದು, ಹೊತ್ತಿಗೆ ಸರಿಯಾಗಿ ಉಪವಾಸ ಬಿಡುವುದು.

ಆ ದಿನ ಮಕ್ಕಾದ ಬಳಿಯ ಅರಫಾ ಮೈದಾನದಲ್ಲಿ ಹಜ್ಜಿನ ಮುಖ್ಯ ದಿನ. ನನ್ನ ತಮ್ಮ ರಫೀಕ್ ಅಲ್ಲಿದ್ದ. ಹಜ್ಜಿಗೆ ಹೋದವರು ಅಂದು ಉಪವಾಸ ಹಿಡಿಯುವುದಿಲ್ಲ, ಹೋಗದೆ ಮನೆಯಲ್ಲಿ ಉಳಿದವರು ಹಿಡಿಯುತ್ತಾರೆ. ನಮ್ಮ ಊರಿನಲ್ಲಿ ಚಂದ್ರ ಕಂಡ ಲೆಕ್ಕಕ್ಕೆ ಅರಫಾ ಮರುದಿನ ಬರುತ್ತಿತ್ತು. ತಮ್ಮ ಅಲ್ಲಿದ್ದಾನೆಂದು ನಾನು ಎರಡೂ ದಿನ ಹಿಡಿಯುವುದೆಂದು ತೀರ್ಮಾನಿಸಿದ್ದೆ.

ರಫೀಕನಿಗೆ ಬೈಕಂಪಾಡಿಯಲ್ಲಿ ಪೈಪು, ಸಿಮೆಂಟಿನ ಗೋದಾಮು. ಬಹಳ ವರ್ಷದಿಂದ ಶುಗರ್. ಪಾದಗಳಲ್ಲಿ ಸ್ಪರ್ಶವೇ ಇಲ್ಲ, ಮೊಳೆ ಚುಚ್ಚಿದರೂ ಗೊತ್ತಾಗುವುದಿಲ್ಲ. ಹಿಂದಿನ ವರ್ಷ ಬಲಗಾಲಿನ ಗಾಯ ಮಾಯುವಷ್ಟರಲ್ಲಿ ಸಾಕೋಸಾಕಾಗಿತ್ತು. ಇನ್ನೊಂದು ಸಲ ಹೀಗಾದರೆ ಕಾಲು ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ನನ್ನ ಎದುರೇ ಹೇಳಿದ್ದರು. ಹಜ್ಜಿನ ಉಡುಪಾದ ಇಹ್ರಾಮಿನಲ್ಲಿ ಗಂಡಸರಿಗೆ ಹೊಲಿದ ಬಟ್ಟೆಯಿಲ್ಲ, ಶೂ ಇಲ್ಲ, ಕಾಲುಚೀಲವೂ ಇಲ್ಲ. ಹಾಗಾಗಿ ದಪ್ಪ ಅಟ್ಟೆಯ ಮೆತ್ತನೆಯ ಚಪ್ಪಲಿ ನಾನೇ ಆರಿಸಿ ಕೊಟ್ಟಿದ್ದೆ. ಅಂದು ಬೆಳಿಗ್ಗೆಯಿಂದ ಅವನ ಫೋನ್ ಹೋಗುತ್ತಿರಲಿಲ್ಲ.

ಸುಗಂಧಿ ಮೂಲದಲ್ಲಿ ಕಡಲ ಬದಿಯ ಬೆಂಗ್ರೆಯವಳು, ಮಾರ್ಕೆಟಿನಲ್ಲಿ ಮೀನು ಮಾರುತ್ತಾಳೆ. ಮುಳ್ಳು ಚುಚ್ಚಿ ಕೀವಾದ ಬೆರಳಿಗೆ ಬ್ಯಾಂಡೇಜ್ ಹಾಕಿಸಿಕೊಳ್ಳಲು ಬಂದಿದ್ದಳು. ಹೊರಗೆ ಬಿಡದೆ ಮಳೆ. ಬೆರಳು ತೊಳೆಯುತ್ತ ನಾನು ಅರಫಾದ ವಿಷಯ ಹೇಳಿದೆ. ಅವಳು ನಕ್ಕಳು.

"ಎಂತ ಸಿಸ್ಟರ್, ತಮ್ಮ ಅಲ್ಲಿ ಊಟ ಮಾಡಿ ಪುಣ್ಯ ಕಟ್ಟಿಕೊಳ್ಳುವುದು, ನೀವು ಇಲ್ಲಿ ಹೊಟ್ಟೆ ಕಟ್ಟುವುದು. ಒಳ್ಳೆ ಪಾಲು ನಿಮ್ಮದು."

ನಾನು ಉತ್ತರಿಸುವಷ್ಟರಲ್ಲಿ ಬಲ ಅಂಗಾಲು ಸುಟ್ಟಂತಾಯಿತು. ಇರುವೆ ಎಂದು ಕಾಲು ಎತ್ತಿ ನೋಡಿದೆ, ಏನೂ ಇರಲಿಲ್ಲ. ಬರಿಗಾಲಿನಲ್ಲಿ ಕುಳಿತಿದ್ದೆ, ಕೆಳಗಿನ ನೆಲ ಮಳೆಯ ಥಂಡಿಗೆ ಕೊರೆಯುತ್ತಿತ್ತು. ಕಾಲು ಊರಿದೆ. ಮತ್ತೆ ಸುಟ್ಟಿತು, ಈ ಸಲ ಎರಡೂ ಪಾದ. ಎದ್ದು ನಿಂತರೆ ಕಾದ ಕಾವಲಿಯ ಮೇಲೆ ನಿಂತ ಹಾಗೆ. ಬಚ್ಚಲಿಗೆ ಹೋಗಿ ಬಕೆಟ್ಟಿನ ನೀರಿನಲ್ಲಿ ಕಾಲಿಟ್ಟೆ. ನೀರು ತಣ್ಣಗಿದೆ ಎಂದು ಕಣಕಾಲಿಗೆ ಗೊತ್ತಾಗುತ್ತಿತ್ತು, ಅಂಗಾಲಿನ ಉರಿ ಮಾತ್ರ ಹಾಗೆಯೇ ಇತ್ತು.

ಗಾಬರಿಯಾದರೂ ನನ್ನ ಕ್ರಮ ತಪ್ಪಲಿಲ್ಲ. ಶುಗರ್ ನೋಡುವ ಮೆಷಿನ್ ತಂದು ನನ್ನ ಬೆರಳು ಚುಚ್ಚಿ ನೋಡಿದೆ. ಸರಿಯಾಗಿತ್ತು. ಬಿ.ಪಿ. ನೋಡಿದೆ, ಅದೂ ಸರಿ. ಹಸಿವಿನಿಂದ ಆದದ್ದಲ್ಲ. ಸುಗಂಧಿ ನೆಲದ ಮೇಲೆ ಕುಳಿತು ನನ್ನ ಪಾದ ಮುಟ್ಟಿದವಳು ಥಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ಬಿಸಿ ಉಂಟು ಸಿಸ್ಟರ್. ಈಗಷ್ಟೇ ನೀರಿನಿಂದ ತೆಗೆದದ್ದಲ್ಲವಾ? ಸುಮ್ಮನೆ ಒಂದು ಲೋಟ ನೀರು ಕುಡಿಯಿರಿ. ದೇವರು ಎಂತ ಹೇಳುವುದಿಲ್ಲ ಮಾರಾಯ್ರೆ."

ಅವಳ ಮಾತು ಸರಿಯೇ. ಅದು ಕಡ್ಡಾಯದ ಉಪವಾಸವಲ್ಲ, ಮುರಿದರೆ ಪಾಪವಿಲ್ಲ. ಅವಳು ಲೋಟ ತಂದು ಕೈಗೆ ಕೊಟ್ಟೂ ಆಯಿತು. ಕೊಡುವಾಗ ಕೇಳಿದಳು: "ಶುಗರಿನವರಿಗೆ ಅಲ್ಲವಾ ಕಾಲು ಉರಿಯುವುದು? ನಿಮ್ಮ ತಮ್ಮನಿಗೂ ಹೀಗೇ ಆಗುವುದಾ?"

"ಅವನಿಗೆ ಕಾಲು ಉರಿದರೂ ಗೊತ್ತಾಗುವುದಿಲ್ಲ" ಎಂದೆ.

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಲೋಟ ಕೆಳಗಿಟ್ಟೆ. ಓದುವವರು ನಗಬಹುದು, ಆದರೆ ಆಗ ನೀರು ಕುಡಿಯದಿದ್ದುದು ಭಕ್ತಿಯಿಂದಲ್ಲ. ಕುಡಿದರೆ ಈ ಉರಿ ನಿಂತುಹೋದೀತು ಎಂಬ ಹೆದರಿಕೆಯಿಂದ. ನಿಂತರೆ ಅಲ್ಲಿ ಅವನ ಕಾಲಿಗೆ ಏನಾಗುತ್ತಿದೆ ಎಂದು ತಿಳಿಯಲು ನನಗೆ ಬೇರೆ ದಾರಿ ಇರಲಿಲ್ಲ.

ರಫೀಕನ ಫೋನ್ ಸ್ವಿಚ್ ಆಫ್. ಅವನ ಡೇರೆಯಲ್ಲೇ ಇದ್ದ ನಮ್ಮೂರಿನ ಹಮೀದನಿಗೆ ಮಾಡಿದೆ. ಹೋಗಲಿಲ್ಲ. ಮತ್ತೆ ಮಾಡಿದೆ. ರಿಂಗ್ ಆಗಿ ಕಡಿಯಿತು. ಎಷ್ಟು ಸಲ ಮಾಡಿದೆನೋ. ಸುಗಂಧಿ ಅರ್ಧ ಕಟ್ಟಿದ ಬೆರಳನ್ನು ಎತ್ತಿ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ಹಮೀದನ ಧ್ವನಿ ಬಂತು. ನಮ್ಮ ಮಾತು ಬ್ಯಾರಿ ಭಾಷೆಯಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ರಫೀಕ್ ಎಲ್ಲಿ?"

"ಇಲ್ಲೇ ಮಲಗಿದ್ದಾನೆ ಸಿಸ್ಟರ್. ಹೊರಗೆ ಒಂದು ಸುತ್ತು ಹೋಗಿ ಬಂದ. ಆರಾಮ ಇದ್ದಾನೆ."

"ಅವನ ಕಾಲು ನೋಡು."

"ಕಾಲಾ? ಎಂತಕ್ಕೆ?"

"ಎಂತಕ್ಕೆ ಅಂತ ಆಮೇಲೆ. ಬಟ್ಟೆ ಸರಿಸಿ ಅಂಗಾಲು ನೋಡು, ಎರಡೂ."

ಸ್ವಲ್ಪ ಹೊತ್ತು ಬರೀ ಗದ್ದಲ ಕೇಳಿಸಿತು. ಆಮೇಲೆ ಅವನ ದನಿ ಬದಲಾಗಿತ್ತು. "ಚಪ್ಪಲಿ ಇಲ್ಲ ಸಿಸ್ಟರ್. ಮಸೀದಿಯ ಬಾಗಿಲಲ್ಲಿ ಬಿಟ್ಟದ್ದು ಯಾರೋ ಹಾಕಿಕೊಂಡು ಹೋದರಂತೆ. ಇವನು ಬರಿಗಾಲಲ್ಲಿ ಡಾಂಬರು ರಸ್ತೆಯಲ್ಲಿ ನಡೆದು ಬಂದಿದ್ದಾನೆ. ಅಡಿ ಕೆಂಪಾಗಿ ಚರ್ಮ ಏಳುತ್ತಾ ಉಂಟು. ಅವನಿಗೆ ಗೊತ್ತೇ ಇಲ್ಲ."

ಐಸ್ ಇಡಬೇಡ, ಉಜ್ಜಬೇಡ, ತಣ್ಣೀರು ಹೊಯ್ಯುತ್ತಲೇ ಇರು, ಕೂಡಲೇ ಗಾಲಿಕುರ್ಚಿಯಲ್ಲಿ ಚಿಕಿತ್ಸಾ ಕೇಂದ್ರಕ್ಕೆ ಕರೆದುಕೊಂಡು ಹೋಗು ಎಂದೆ. ಸೂರ್ಯ ಮುಳುಗುವ ಮೊದಲು ಅರಫಾ ಬಿಟ್ಟು ಹೊರಡುವಂತಿಲ್ಲ, ಅದೃಷ್ಟಕ್ಕೆ ಕೇಂದ್ರ ಮೈದಾನದ ಒಳಗೇ ಇತ್ತು. ಹಿಂದಿನಿಂದ ರಫೀಕ್, "ಅಕ್ಕನಿಗೆ ಯಾಕೆ ಹೇಳಿದೆ, ಇನ್ನು ಅವಳು ನನ್ನನ್ನು ಬಿಡುವುದಿಲ್ಲ" ಎಂದು ಗೊಣಗುವುದು ಕೇಳಿಸಿತು. ಹಮೀದ್ ಹೇಳಿದ್ದಲ್ಲ, ನಾನೇ ಕೇಳಿದ್ದು ಎಂದು ಅವನಿಗೆ ತಿಳಿದದ್ದು ಊರಿಗೆ ಬಂದ ಮೇಲೆ.

ನನ್ನ ಉರಿ ಯಾವಾಗ ನಿಂತಿತೋ ಗೊತ್ತಿಲ್ಲ. ಎಲ್ಲದಕ್ಕೂ ಗಡಿಯಾರ ನೋಡುವ ನಾನು ಅದೊಂದನ್ನು ಗಮನಿಸಲಿಲ್ಲ. ಫೋನ್ ಇಟ್ಟಾಗ ನಾನು ನಿಂತೇ ಇದ್ದೆ, ಪಾದಗಳಿಗೆ ನೆಲದ ಥಂಡಿ ತಾಗುತ್ತಿತ್ತು.

ಆಮೇಲೆ ಇದಕ್ಕೆ ಕಾರಣ ಬಹಳ ಹುಡುಕಿದ್ದೇನೆ. ವಾರಗಟ್ಟಲೆ ಅವನ ಕಾಲಿನದೇ ಚಿಂತೆಯಲ್ಲಿದ್ದೆ, ಮನಸ್ಸು ಮೈಗೆ ಹಾಗೆ ತೋರಿಸಿರಬಹುದು. ಬೇರೆ ಯಾರಾದರೂ ಇದನ್ನು ಹೇಳಿದ್ದರೆ ನಾನು ಹಾಗೆಯೇ ಹೇಳುತ್ತಿದ್ದೆ. ಆದರೆ ಸುಗಂಧಿಯ ಕೈಗೆ ತಾಗಿದ ಬಿಸಿ? ಅವಳಿಗೆ ಉಪವಾಸವೂ ಇರಲಿಲ್ಲ, ನನ್ನ ತಮ್ಮನ ಚಿಂತೆಯೂ ಇರಲಿಲ್ಲ. ಆ ಹೊತ್ತಿನಲ್ಲಿ ನನಗಾಗಿ ದುಆ, ಪ್ರಾರ್ಥನೆ ಮಾಡುತ್ತಿದ್ದೆಯಾ ಎಂದು ರಫೀಕನನ್ನು ಒಮ್ಮೆ ಕೇಳಿದೆ. "ಇಲ್ಲ ಅಕ್ಕ, ಚಪ್ಪಲಿ ಕದ್ದವನಿಗೆ ಬಯ್ಯಬಾರದು ಎಂದು ಬಾಯಿ ಹಿಡಿದುಕೊಂಡಿದ್ದೆ. ನಿನ್ನ ನೆನಪೇ ಇರಲಿಲ್ಲ" ಎಂದ. ನಮ್ಮ ಉಸ್ತಾದರಿಗೆ ಹೇಳಿದರೆ ಅವರು ತಮ್ಮನ ಕಾಲು ಈಗ ಹೇಗಿದೆ ಎಂದು ಮಾತ್ರ ಕೇಳಿದರು.

ಆ ಸಂಜೆ ಸೂರ್ಯ ಮುಳುಗಿ ಮಗ್ರಿಬ್ ಬಾಂಗಿನ ಹೊತ್ತಿಗೆ ಸುಗಂಧಿಯ ಬೆರಳು ಕಟ್ಟಿ ಮುಗಿಸಿದ್ದೆ. ಖರ್ಜೂರ, ನೀರು ತೆಗೆದುಕೊಂಡು ಉಪವಾಸ ಬಿಟ್ಟೆ. ಹಮೀದನ ಫೋನ್ ಬಂದದ್ದು ಅದಾದ ಮೇಲೆ. ಸುಟ್ಟದ್ದು ಮೇಲಿನ ಚರ್ಮ ಮಾತ್ರ, ಇನ್ನೂ ಸ್ವಲ್ಪ ನಡೆದಿದ್ದರೆ ಕಷ್ಟವಿತ್ತು, ಕಾಲು ಉಳಿಯುತ್ತದೆ ಎಂದು ಅಲ್ಲಿಯ ಡಾಕ್ಟರು ಹೇಳಿದರಂತೆ. ಉಳಿದ ಕರ್ಮಗಳನ್ನು ಗಾಲಿಕುರ್ಚಿಯಲ್ಲಿ ಮುಗಿಸುತ್ತಾನೆ ಎಂದ. ಸುಗಂಧಿ ಕೊಡೆ ಬಿಡಿಸಿ ಮನೆಗೆ ಹೋದಳು.

ರಾತ್ರಿಯ ಇಶಾ ನಮಾಝು ಮುಗಿಸಿ ಅಡುಗೆಮನೆಗೆ ಬಂದೆ. ಮರುದಿನ ನಮ್ಮ ಊರಿನ ಅರಫಾ. ಚಿಕ್ಕಂದಿನಿಂದ ಹಿಡಿಯುತ್ತ ಬಂದ ಉಪವಾಸಕ್ಕೆ ನಾನು ಹೆದರಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ಅಕ್ಕಿ ಡಬ್ಬದ ಮುಚ್ಚಳ ಹಿಡಿದು ನಿಂತಿದ್ದೆ. ಆಮೇಲೆ ಉಪವಾಸ ಹಿಡಿಯುವ ಮುನ್ನ ಬೆಳಗಿನ ಜಾವ ಉಣ್ಣುವ ಗಂಜಿಗೆ ಕುಚ್ಚಲಕ್ಕಿ ಅಳೆದು, ತೊಳೆದು, ನೀರು ಹಾಕಿ ಮುಚ್ಚಿಟ್ಟೆ.